ಮೋತಿ ಮಹಲ್ ಮುಚ್ಚಿದ ಮೇಲೆ

ಕರಾವಳಿಯವರಾದ ನಮಗೆ ‘ಹೊಟೇಲು’ ಎಂದರೆ ಮೊದಲು ನೆನಪಾಗುವುದು ತಿಂಡಿ-ಕಾಫಿ. ತಂಗುವ ಜಾಗಕ್ಕೆ ‘ಲಾಡ್ಜ್’ ಎಂಬ ಬೇರೆಯೇ ಹೆಸರುಂಟು. ಇವೆರಡೂ ಒಂದೇ ಸೂರಿನಡಿ, ಅದೂ ಈಜುಕೊಳದ ಸಮೇತ ಇರಬಲ್ಲವು ಎಂಬುದನ್ನು ಹುಡುಗನಾಗಿದ್ದ ನನಗೆ ಮೊದಲು ತೋರಿಸಿದ್ದು ಫಳ್ನೀರ್ ರಸ್ತೆಯ ಮೋತಿ ಮಹಲ್. 1966ರಲ್ಲಿ ಆರಂಭಗೊಂಡ ಆ ಹೊಟೇಲು 2023ರಲ್ಲಿ ಬಾಗಿಲು ಹಾಕಿತು.

ಅದು ತೆರೆದಾಗ ಈ ಜಿಲ್ಲೆ ಮದರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯವನ್ನು ಸೇರಿ ಹತ್ತು ವರ್ಷವಾಗಿತ್ತಷ್ಟೆ. ಬಜ್ಪೆಯಲ್ಲಿ 1951ರಿಂದಲೇ ವಿಮಾನ ಇಳಿಯುತ್ತಿತ್ತು. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು 1960ರಲ್ಲಿ ಹುಟ್ಟಿತ್ತು. ಪಣಂಬೂರಿನ ಬಂದರು ‘ಪ್ರಮುಖ ಬಂದರು’ ಎನಿಸಿಕೊಳ್ಳಲು 1974ರವರೆಗೆ ಕಾಯಬೇಕಿತ್ತು. ಹಂಚು, ಗೋಡಂಬಿ, ಬೀಡಿಗಳ ಪೇಟೆಗೆ ಹೊಸ ಬಗೆಯ ಅತಿಥಿಗಳು ಬರತೊಡಗಿದ್ದ ಕಾಲವದು. ನೆಂಟರ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಮಲಗಿಸಲಾಗದ ಅತಿಥಿಗಳು!

ಇಲ್ಲೊಂದು ವಿಪರ್ಯಾಸವನ್ನು ಹೇಳಲೇಬೇಕು. ಪರವೂರುಗಳಿಗೆ ಹೊಟೇಲು ಕಟ್ಟಿಕೊಟ್ಟವರೇ ನಮ್ಮವರು. ಕಡಂದಲೆಯ ಕೃಷ್ಣರಾಯರು ಬಡ ಹುಡುಗನಾಗಿ ಮದರಾಸು ಸೇರಿ, 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರ ಬಂಗಲೆಯೊಂದನ್ನು ಗೇಣಿಗೆ ಪಡೆದು ‘ವುಡ್‌ಲ್ಯಾಂಡ್ಸ್’ ತೆರೆದರು. ಆ ಬಂಗಲೆಯ ಹೆಸರೇ ಹೊಟೇಲಿಗೂ ಅಂಟಿತು. ಮದರಾಸಿನವರು ಇಂದಿಗೂ ಆ ಕಥೆಯನ್ನು ತಮ್ಮ ನಗರದ ಚರಿತ್ರೆಯೆಂದೇ ಹೇಳಿಕೊಳ್ಳುತ್ತಾರೆ. ಅವರ ಡ್ರೈವ್-ಇನ್ 2008ರಲ್ಲಿ ಮುಚ್ಚಿದಾಗ ಪತ್ರಿಕೆಗಳ ಪುಟಗಳೇ ತುಂಬಿದ್ದವು. ನಾವು ಮಾತ್ರ ನಮ್ಮೂರಿನ ಹೊಟೇಲನ್ನು ಬರೀ ವ್ಯಾಪಾರವೆಂದು ಬಗೆದೆವು.

ಪರಂಪರೆಯ ಮಾತು ಬಂದಾಗ ನಮ್ಮ ಬೆರಳು ಅಲೋಶಿಯಸ್ ಚಾಪೆಲ್‌ನ ಚಿತ್ರಗಳ ಕಡೆಗೆ, ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆಗಳ ಕಡೆಗೆ ಹೊರಳುತ್ತದೆ. ಅದು ತಪ್ಪೆಂದಲ್ಲ. ಆದರೆ ಸ್ವಾತಂತ್ರ್ಯಾನಂತರದ ಮಂಗಳೂರು ಹೇಗೆ ಬೆಳೆಯಿತೆಂದು ನಾಳೆ ಯಾರಾದರೂ ಕೇಳಿದರೆ ಎಲ್ಲಿಗೆ ಕರೆದೊಯ್ಯೋಣ? ಇಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಇಲ್ಲೇ ಕೇಂದ್ರ ಕಚೇರಿಯಿದ್ದ ಕಾರ್ಪೊರೇಷನ್ ಬ್ಯಾಂಕು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಅವುಗಳ ಬೆನ್ನಿಗೆ ಈ ಹೊಟೇಲೂ ಹೋಯಿತು. ಮೂರೂ ಒಂದೇ ಕಾಲಘಟ್ಟದ ಆತ್ಮವಿಶ್ವಾಸದ ಗುರುತುಗಳಾಗಿದ್ದವು ಎಂಬುದು ನನ್ನ ಅನಿಸಿಕೆ.

ಮುಚ್ಚಿದ ಹೊಟೇಲನ್ನು ಮತ್ತೆ ತೆರೆಯಿರೆಂದು ಯಾರನ್ನೂ ಒತ್ತಾಯಿಸುವಂತಿಲ್ಲ. ಲಾಭ-ನಷ್ಟದ ಲೆಕ್ಕ ಕಟ್ಟಿದವರಿಗೇ ಗೊತ್ತು. ಆದರೆ ಹೊಟೇಲೆಂದರೆ ಅತಿಥಿಗಳ ಹೆಸರು, ಊರು, ಬಂದ ಕಾರಣವನ್ನು ದಿನದಿನವೂ ಬರೆದಿಟ್ಟುಕೊಳ್ಳುವ ಮನೆ. ಅಂಥ ಹಳೆಯ ರಿಜಿಸ್ಟರುಗಳು, ಊಟದ ದರಪಟ್ಟಿಗಳು, ಮದುವೆ-ಔತಣಕೂಟಗಳ ಫೋಟೊಗಳು ಎಲ್ಲಾದರೂ ಉಳಿದಿದ್ದರೆ, ರದ್ದಿ ಅಂಗಡಿ ಸೇರುವ ಮೊದಲು ನಗರದ ಯಾವುದಾದರೊಂದು ಕಾಲೇಜಿನ ಇತಿಹಾಸ ವಿಭಾಗ ಅವನ್ನು ಕೇಳಿ ಪಡೆಯಲಿ. ಅಡುಗೆಮನೆಯಲ್ಲಿ, ಕೋಣೆಗಳಲ್ಲಿ ದುಡಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತುಗಳನ್ನೂ ಬರೆದುಕೊಳ್ಳಲಿ.