ಡೌರೊ ನದಿಯಲ್ಲಿ ಮೊದಲನೆಯ ದಿನ

ದ್ರಾಕ್ಷಾರಸವನ್ನು ಮುಟ್ಟದ ನಮಗೆ ದ್ರಾಕ್ಷಿಯ ನಾಡಿನಲ್ಲಿ ಏನು ಕೆಲಸವೆಂದು ಬಂಧುಗಳು ಕೇಳಿದ್ದುಂಟು. ನದಿಯನ್ನು ನೋಡಲು ಹೊರಟಿದ್ದೇವೆಂಬುದೇ ನಮ್ಮ ಉತ್ತರವಾಗಿದ್ದಿತು.

ಪೋರ್ಚುಗಲ್ ದೇಶದ ಪೋರ್ಟೊ ಪಟ್ಟಣಕ್ಕೆ ಎದುರಾಗಿ ಗಾಯಾ ಎಂಬ ಊರಿದೆ; ದ್ರಾಕ್ಷಾಮದ್ಯದ ಹಳೆಯ ಉಗ್ರಾಣಗಳಿರುವುದು ಅಲ್ಲಿ. ಅಲ್ಲಿಂದ ಹಡಗನ್ನೇರಿ, 1886ರಲ್ಲಿ ತೆರೆದ ಎರಡಂತಸ್ತಿನ ಕಬ್ಬಿಣದ ಸೇತುವೆಯ ಕೆಳಗೆ ಹಾದು, ಪ್ರವಾಹಕ್ಕೆ ಎದುರಾಗಿ ಪ್ರಯಾಣಹೊರಟೆವು. ಹಿಂದೆ ಮದ್ಯದ ಪೀಪಾಯಿಗಳನ್ನು ಹೊತ್ತು ತರುತ್ತಿದ್ದ ಚಪ್ಪಟೆ ತಳದ ‘ರಬೇಲೊ’ ದೋಣಿಗಳು ಇಂದು ದಡದಲ್ಲಿ ನೋಟಕ್ಕಾಗಿ ನಿಂತಿವೆ.

ಅಂದಿನ ನದಿ ಸಾಧುವಾಗಿರಲಿಲ್ಲ. ಅದರ ನಕ್ಷೆಯನ್ನು ರಚಿಸಿದ ಫಾರೆಸ್ಟರ್ ಎಂಬ ಬ್ರಿಟಿಷ್ ವರ್ತಕನೇ 1861ರಲ್ಲಿ ವಲೈರಾ ಎಂಬೆಡೆಯ ರಭಸಕ್ಕೆ ಸಿಕ್ಕಿ ಮುಳುಗಿಹೋದನು. ಇಪ್ಪತ್ತನೆಯ ಶತಮಾನದಲ್ಲಿ ಕಟ್ಟಿದ ಐದು ಅಣೆಕಟ್ಟುಗಳು ಈಗ ಆ ಉಗ್ರತೆಯನ್ನು ಅಡಗಿಸಿವೆ.

ಕರಪತೇಲೊ ಅಣೆಕಟ್ಟಿನ ಬಳಿ ಹಡಗು ಬಾವಿಯಂಥ ಇಕ್ಕಟ್ಟಾದ ಕೋಣೆಯನ್ನು ಹೊಕ್ಕಿತು. ಹಿಂದೆ ಬಾಗಿಲು ಮುಚ್ಚಿತು. ಆಕಾಶ ಒಂದು ಪಟ್ಟಿಯಷ್ಟಾಯಿತು. ನೀರಿಗಂಜುವ ನಮ್ಮ ಮನೆಯವರು ನಮ್ಮ ತೋಳನ್ನು ಬಿಗಿಯಾಗಿ ಹಿಡಿದು ಕಣ್ಣುಮುಚ್ಚಿದರು. ಕೆಳಗಿನಿಂದ ನೀರು ತುಂಬಿ ಹಡಗು ಸುಮಾರು 35 ಮೀಟರು ಮೇಲೇರಿತು. ಅವರು ಕಣ್ತೆರೆಯುವ ವೇಳೆಗೆ ಎದುರಿಗೆ ಶಾಂತವಾದ ಸರೋವರ!

ಸಂಜೆ ರೆಗುವಾ ಊರನ್ನು ಸಮೀಪಿಸುತ್ತಿರಲು ಬೆಟ್ಟಗಳ ಮೇಲೆಲ್ಲ ಕಲ್ಲುಗೋಡೆಯ ಸೋಪಾನಗಳಂತೆ ದ್ರಾಕ್ಷಿತೋಟಗಳು ತೋರಿದುವು. 1756ರಲ್ಲಿ, ಮಂತ್ರಿ ಪೊಂಬಾಲನ ಕಾಲದಲ್ಲಿ, ಈ ಸೀಮೆಗೆ ಎಲ್ಲೆಯನ್ನು ಗೊತ್ತುಮಾಡಿದರೆಂದೂ, 2001ರಲ್ಲಿ ಇದು ವಿಶ್ವಪರಂಪರೆಯ ಪಟ್ಟಿಗೆ ಸೇರಿತೆಂದೂ ನಾವು ವಿವರಿಸುತ್ತಿದ್ದೆವು.

“ಮಂತ್ರಿಯ ಹೆಸರು ಉಳಿಯಿತು, ಸರಿ. ಈ ಕಲ್ಲುಗಳನ್ನು ಹೊತ್ತವರ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ?” ಎಂದು ಅವರು ಕೇಳಿದರು.

ಬಹುಕಾಲ ಪಾಠಹೇಳಿದ ನಮಗೆ ಉತ್ತರ ತೋಚಲಿಲ್ಲ. ಕತ್ತಲಾಗುವವರೆಗೂ ಆ ಗೋಡೆಗಳನ್ನೇ ನೋಡುತ್ತ ಕುಳಿತೆವು.