ಬೆಂಕಿಯ ಬಣ್ಣ ಬಲ್ಲವರು

ಯಾದಗಿರಿ, ಶಹಾಪುರ, ಸುರಪುರ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಕಪ್ಪು ನೆಲ, ತೊಗರಿ, ಹತ್ತಿ, ಭೀಮೆ ಕೃಷ್ಣೆಯರ ಬಯಲಿನ ಬಿರುಬಿಸಿಲು, ಕಾರ್ಖಾನೆಯ ಹೊಗೆಗೊಳವೆಯಲ್ಲ. ಆದರೂ ಈ ಸೀಮೆಯ ಎರಡು ಅಂಚುಗಳಲ್ಲಿ ಎರಡು ಹಳೆಯ ಉದ್ಯಮಗಳಿವೆ. ಯಾದಗಿರಿಯಿಂದ ಉತ್ತರಕ್ಕೆ ರೈಲಿನಲ್ಲಿ ಸುಮಾರು 40 ಕಿಲೋಮೀಟರು ಸಾಗಿದರೆ ವಾಡಿ. ಅಲ್ಲಿಯ ಸಿಮೆಂಟು ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಅದರ ನೆರೆಯ ಶಹಾಬಾದಿನ ಸಿಮೆಂಟು ಕಂಪನಿ ಇನ್ನೂ ಹಳೆಯದು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎ.ಸಿ.ಸಿ. ಸಂಸ್ಥೆಯಾದಾಗ ಅದೂ ಅವುಗಳಲ್ಲೊಂದಾಗಿತ್ತು. ಇತ್ತ ಸುರಪುರದಿಂದ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿ. ಅದರ ಕಂಪನಿ ಹೈದರಾಬಾದು ಸಂಸ್ಥಾನದ ಕಾಲದಲ್ಲಿ, 1947ರಲ್ಲಿ, ಸ್ಥಾಪಿತವಾದುದು. ಇಂಥ ಕಡೆಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ನಿವೃತ್ತರಾದವರು ತಮ್ಮ ಕೆಲಸವನ್ನು ನೆನೆಯುವಾಗ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಕಿವಿಗೊಡಬೇಕಾದ ಸಂಗತಿಗಳು ಬಹಳ ಇವೆ.

ಸಿಮೆಂಟು ರಾಸಾಯನಿಕ ಉದ್ಯಮವೇ ಎಂದು ಓದುಗರು ಕೇಳಬಹುದು. ಅಹುದು. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಸುಣ್ಣಕಲ್ಲೇ. ಶುದ್ಧವಾದ ಸುಣ್ಣಕಲ್ಲು 100 ಕಿಲೋಗ್ರಾಂ ತೆಗೆದುಕೊಂಡು 900 ಡಿಗ್ರಿ ಸೆಂಟಿಗ್ರೇಡಿನ ಸುಮಾರಿನಲ್ಲಿ ಸುಟ್ಟರೆ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ. ಉಳಿಯುವುದು 56 ಕಿಲೋಗ್ರಾಂ ಸುಟ್ಟ ಸುಣ್ಣ. ಶಾಖ 1450 ಡಿಗ್ರಿಯ ಸಮೀಪಕ್ಕೆ ಏರಿದಾಗ ಈ ಸುಣ್ಣವು ಜೇಡಿಮಣ್ಣಿನಲ್ಲಿರುವ ಸಿಲಿಕಾದೊಡನೆ ಸಂಯೋಗಗೊಂಡು ‘ಕ್ಲಿಂಕರ್’ ಎಂಬ ಬೂದುಗಪ್ಪು ಉಂಡೆಗಳಾಗುತ್ತದೆ. ಅದಕ್ಕೆ ಸ್ವಲ್ಪ ಜಿಪ್ಸಂ ಬೆರೆಸಿ ಅರೆದರೆ ಸಿಮೆಂಟು.

ಈ ಕ್ರಿಯೆಯೆಲ್ಲ ನಡೆಯುವುದು ಕೆಲಸಗಾರರು ‘ಕಿಲ್ನ್’ ಎಂದೇ ಕರೆಯುವ, ತುಸು ಓರೆಯಾಗಿ ಮಲಗಿಸಿದ, ನಿಧಾನವಾಗಿ ಉರುಳುವ ಉದ್ದನೆಯ ಉಕ್ಕಿನ ಕೊಳವೆಯಲ್ಲಿ. ಶಾಖ ಕಡಮೆಯಾದರೆ ಸಂಯೋಗಗೊಳ್ಳದ ಸುಣ್ಣ ಉಳಿಯುತ್ತದೆ. ಅದು ಮುಂದೆಂದೋ ಗೋಡೆಯಲ್ಲಿ ಉಬ್ಬಿ ಬಿರುಕು ಬಿಡಿಸುತ್ತದೆ. ಹೆಚ್ಚಾದರೆ ಇಂಧನ ವ್ಯರ್ಥ, ಒಳಗೋಡೆಯ ಇಟ್ಟಿಗೆಗೂ ಹಾನಿ. ಈ ಎರಡರ ನಡುವಿನ ಹದವನ್ನು ಕಾಯುವವನೇ ‘ಬರ್ನರ್’. ಹಿಂದಿನ ಕಾಲದಲ್ಲಿ ಅವನ ಮುಖ್ಯ ಸಲಕರಣೆ ಕೋಬಾಲ್ಟಿನ ನೀಲಿ ಗಾಜಿನ ಒಂದು ತುಂಡು. ಅದನ್ನು ಕಣ್ಣಿಗೆ ಹಿಡಿದು, ಇಣುಕುಕಿಂಡಿಯಿಂದ ಜ್ವಾಲೆಯನ್ನು ನೋಡಿ, ಕಲ್ಲಿದ್ದಲ ಪುಡಿಯನ್ನೋ ಗಾಳಿಯನ್ನೋ ಏರಿಳಿಸುತ್ತಿದ್ದ.

ಬರಿಗಣ್ಣಿಗೆ ಅಷ್ಟು ಸೂಕ್ಷ್ಮತೆ ಸಾಧ್ಯವೆ? ಭೌತವಿಜ್ಞಾನದ ಲೆಕ್ಕ ಸಾಧ್ಯವೆನ್ನುತ್ತದೆ. ಕಾದ ವಸ್ತು ಹೊರಸೂಸುವ ಒಟ್ಟು ಶಕ್ತಿ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. 1400 ಡಿಗ್ರಿಯಿಂದ 1450 ಡಿಗ್ರಿಗೆ ಏರಿದರೆ ಈ ಶಕ್ತಿ ನೂರಕ್ಕೆ ಸುಮಾರು 12ರಷ್ಟು ಹೆಚ್ಚುತ್ತದೆ. ಆದರೆ ಕಣ್ಣಿಗೆ ಕಾಣುವ ಬೆಳಕು ಇದಕ್ಕಿಂತ ಬಹು ವೇಗವಾಗಿ ಬೆಳೆಯುತ್ತದೆ. ಅದೇ 50 ಡಿಗ್ರಿಯ ಏರಿಕೆಯಲ್ಲಿ ಕೆಂಪು ಬೆಳಕು ಹೆಚ್ಚುಕಡಮೆ ಒಂದೂವರೆ ಪಟ್ಟಾಗುತ್ತದೆ. ಪ್ರಯೋಗಶಾಲೆಯ ದೃಶ್ಯ ಉಷ್ಣಮಾಪಕ ದುಡಿಯುವುದೂ ಇದೇ ತತ್ತ್ವದ ಮೇಲೆ. ಹಳೆಯ ಬರ್ನರನು ಸೂತ್ರವನ್ನು ಕಲಿತಿರಲಿಲ್ಲ, ಆದರೆ ಸಾವಿರಾರು ಪಾಳಿಗಳಲ್ಲಿ ತನ್ನ ಕಣ್ಣನ್ನೇ ಮಾಪಕವಾಗಿ ಪಳಗಿಸಿಕೊಂಡಿದ್ದ. ತಾನು ಕಂಡ ಬಣ್ಣ ಸರಿಯೇ ಎಂಬುದನ್ನು ಹೊರಬಂದ ಕ್ಲಿಂಕರಿನ ಲೀಟರು ತೂಕದಿಂದ ತಾಳೆ ನೋಡುತ್ತಿದ್ದ. ಬೆಂದ ಸರಕು ಅಂಟಂಟಾಗಿ ಗೋಡೆಯೊಡನೆ ಮೇಲೇರುವುದರಿಂದ ಕಿಲ್ನ್ ತಿರುಗಿಸುವ ಮೋಟಾರು ಹೆಚ್ಚು ವಿದ್ಯುತ್ತು ಎಳೆಯುತ್ತದೆ; ಆಂಪಿಯರ್ ಮುಳ್ಳಿನ ಆ ಚಲನೆಯನ್ನೂ ಅವನು ಗಮನಿಸುತ್ತಿದ್ದ. ಇಂದು ನಿಯಂತ್ರಣ ಕೊಠಡಿಯ ಗಣಕವು ನೋಡುವುದೂ ಇವೇ ಚಿಹ್ನೆಗಳನ್ನು.

ಹಾಗೆಂದು ಅನುಭವವೊಂದೇ ಸಾಕೆನ್ನುವಂತಿಲ್ಲ. ಹಟ್ಟಿಯ ಉದಾಹರಣೆಯನ್ನು ನೋಡೋಣ. ಅರೆದ ಅದಿರಿನಲ್ಲಿರುವ ಚಿನ್ನವನ್ನು ಸೋಡಿಯಂ ಸಯನೈಡಿನ ದುರ್ಬಲ ದ್ರಾವಣದಲ್ಲಿ ಕರಗಿಸಿ ತೆಗೆಯುವುದು ಲೋಕದಾದ್ಯಂತ ನಡೆದಿರುವ ಕ್ರಮ. ಈ ದ್ರಾವಣಕ್ಕೆ ಸುಣ್ಣ ಬೆರೆಸಿ ಅದನ್ನು ಸದಾ ಕ್ಷಾರೀಯವಾಗಿ ಇಡಬೇಕು. ಆಮ್ಲದ ಕಡೆಗೆ ವಾಲಿದರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಏಳುತ್ತದೆ. ಅದಕ್ಕೆ ಕಹಿ ಬಾದಾಮಿಯ ವಾಸನೆ ಇದೆಯೆನ್ನುವರು. ಆದರೆ ಹುಟ್ಟಿನಿಂದಲೇ ಆ ವಾಸನೆ ತಿಳಿಯದವರು ಅನೇಕರಿದ್ದಾರೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡು ಇನ್ನೂ ವಂಚಕ: ಪ್ರಮಾಣ ಹೆಚ್ಚಿದಂತೆ ಅದು ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ, ನಾತ ಹೋಯಿತೆಂದು ನಂಬಿದವನು ಅಪಾಯದ ನಡುವೆ ನಿಂತಿರುತ್ತಾನೆ. ಇಂಥಲ್ಲಿ ಇಂದ್ರಿಯವನ್ನು ನಂಬದಿರುವುದೇ ಅನುಭವದ ತಿರುಳು. ನುರಿತ ಕೆಲಸಗಾರನು ಹೊಸಬನಿಗೆ ಮೊದಲು ಕಲಿಸುವುದು ಕೈಚಳಕವನ್ನಲ್ಲ; ಯಾವುದನ್ನು ಯಾವುದರ ಮುಂಚೆ ಬೆರೆಸಬೇಕು, ಯಾವ ಮುಚ್ಚಳವನ್ನು ಒಬ್ಬನೇ ಇದ್ದಾಗ ತೆರೆಯಬಾರದು ಎಂಬುದನ್ನು.

ಈ ಎರಡು ಬಗೆಯ ಅರಿವೂ ತಪ್ಪಿದಾಗ ಏನಾಗುವುದೆಂಬುದಕ್ಕೆ 1984ರ ಭೋಪಾಲ ಸಾಕ್ಷಿ. ಅಲ್ಲಿಯ ಕೀಟನಾಶಕ ಕಾರ್ಖಾನೆಯಲ್ಲಿ ಖರ್ಚು ಉಳಿಸಲು ಕೆಲಸಗಾರರನ್ನು ಕಡಮೆ ಮಾಡಲಾಗಿತ್ತು. ವಿಷದ್ರವವನ್ನು ತಂಪಾಗಿಡುವ ಶೈತ್ಯಯಂತ್ರ ನಿಂತಿತ್ತು. ಸೋರಿಕೆಯನ್ನು ಕಣ್ಣುರಿಯಿಂದ ಅರಿಯುವುದು ವಾಡಿಕೆಯಾಗಿತ್ತು. ಡಿಸೆಂಬರ್ 2ರ ರಾತ್ರಿಯೂ ಕಣ್ಣು ಉರಿದುದರಿಂದಲೇ ಸುಳಿವು ಸಿಕ್ಕಿತು. ಆ ವೇಳೆಗೆ ತಡವಾಗಿತ್ತು. ಸಾವಿರಾರು ಜನ ಸತ್ತರು. ಬಳಿಕ 1987ರಲ್ಲಿ ಕಾರ್ಖಾನೆಗಳ ಕಾನೂನನ್ನು ತಿದ್ದಿ, ಅಪಾಯಗಳನ್ನು ಕೆಲಸಗಾರರಿಗೂ ನೆರೆಹೊರೆಯವರಿಗೂ ತಿಳಿಸಬೇಕೆಂದು ವಿಧಿಸಲಾಯಿತು.

ಈ ಮಾತು ಈಗ ಯಾದಗಿರಿಯ ಮನೆಬಾಗಿಲಿಗೇ ಬಂದಿದೆ. ಸೈದಾಪುರದ ಸಮೀಪದ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ತಲೆಯೆತ್ತಿವೆ. ಸುತ್ತಲಿನ ಹಳ್ಳಿಗಳವರು ದುರ್ವಾಸನೆಯ ಬಗ್ಗೆ ದೂರುತ್ತಲೂ ಇದ್ದಾರೆ. ಹೊಲದಿಂದ ನೇರವಾಗಿ ಕಾರ್ಖಾನೆಗೆ ಬರುವ ತರುಣನಿಗೆ ಅಲ್ಲಿ ನಲವತ್ತು ವರ್ಷ ದುಡಿದ ಹಿರಿಯನೊಬ್ಬನೂ ಸಿಕ್ಕಲಾರನು. ಆ ಕಾರ್ಖಾನೆಗಳಿಗೇ ಅಷ್ಟು ವಯಸ್ಸಾಗಿಲ್ಲ. ಆದುದರಿಂದ ಅನುಭವವನ್ನು ಬೇರೆಡೆಯಿಂದ ತರಬೇಕು.

ಅದಕ್ಕೆ ದೊಡ್ಡ ವೆಚ್ಚವೇನೂ ಬೇಡ. ವಾಡಿ, ಶಹಾಬಾದು, ಹಟ್ಟಿಗಳಲ್ಲಿ ದುಡಿದು ನಿವೃತ್ತರಾದವರ ಮಾತನ್ನು ಅವರಿರುವಾಗಲೇ ಬರೆದಿಡಬಹುದು. ಏನು ಕೆಟ್ಟಿತು, ಮೊದಲ ಸುಳಿವು ಯಾವುದು, ಯಾರು ಏನು ಮಾಡಿದರು ಎಂಬ ಮೂರು ಪ್ರಶ್ನೆಗಳು ಸಾಕು. ಧೂಳು ಅವರ ಎದೆಗೆ, ಗಿರಣಿಯ ಸದ್ದು ಅವರ ಕಿವಿಗೆ ಏನು ಮಾಡಿತೆಂಬುದೂ ಆ ಬರವಣಿಗೆಯಲ್ಲಿ ಇರಬೇಕು. ಅದೂ ಅವರ ಅನುಭವವೇ. ನಮ್ಮ ಕಾಲೇಜುಗಳ ವಿಜ್ಞಾನದ ವಿದ್ಯಾರ್ಥಿಗಳು ರಜೆಯಲ್ಲಿ ಈ ಕೆಲಸವನ್ನು ಕೈಗೊಂಡರೆ ಪಠ್ಯದ ಸೂತ್ರಗಳಿಗೆ ಜೀವ ಬರುವುದು. ಕಡೇಚೂರಿನ ತರುಣನಿಗೆ ಒಂದು ಎಚ್ಚರಿಕೆಯ ಮಾತು ವೇಳೆಗೆ ಮುಂಚೆ ತಲಪುವುದು.