ರೂಟರ್‌ನಲ್ಲಿ ‘ಸ್ಟ್ಯಾಟಿಕ್ ರೂಟ್’ ಹಾಕಿದರೆ ನೆಟ್ ಸ್ಪೀಡ್ ಹೆಚ್ಚುತ್ತದೆಯೇ?

“ರೂಟರ್ ಸೆಟ್ಟಿಂಗ್‌ಗೆ ಹೋಗಿ, ಸ್ಟ್ಯಾಟಿಕ್ ರೂಟ್‌ನಲ್ಲಿ ಈ ನಂಬರ್ ಹಾಕಿ, ಸ್ಪೀಡ್ ಡಬಲ್!” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಸ್ಪೀಡ್ ಡಬಲ್ ಆಗುವುದಿಲ್ಲ. ನಂಬರ್ ತಪ್ಪಿದರೆ ಇರುವ ನೆಟ್ಟೂ ನಿಲ್ಲಬಹುದು. ಸೀರೆಯ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ, ಹಣ ಯುಪಿಐನಲ್ಲಿ ಪಡೆಯುವ ಮೊಳಕಾಲ್ಮೂರಿನ ಅಂಗಡಿಗೆ ಮದುವೆ ಸೀಸನ್‌ನಲ್ಲಿ ಅರ್ಧ ದಿನ ನೆಟ್ ಹೋದರೆ ನಷ್ಟವೇ. ಹಾಗಂತ ಸ್ಟ್ಯಾಟಿಕ್ ರೂಟ್ ಎಂಬುದು ಕಟ್ಟುಕಥೆಯಲ್ಲ. ಅದರ ಕೆಲಸ ಬೇರೆ.

ಹಾಗಾದರೆ ಏನದು?

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೊರಟವರು ಬಳ್ಳಾರಿ ರಸ್ತೆ ಹಿಡಿದು ಹಾನಗಲ್‌ನಲ್ಲಿ (ಹಾವೇರಿಯದಲ್ಲ, ನಮ್ಮದು) ತಿರುಗುತ್ತಾರೆ. ಅಲ್ಲಿ ‘ಮೊಳಕಾಲ್ಮೂರು ಈ ಕಡೆ’ ಎಂದು ನೆಟ್ಟ ಬೋರ್ಡ್ ಇದೆ ಎಂದುಕೊಳ್ಳಿ. ಸ್ಟ್ಯಾಟಿಕ್ ರೂಟ್ ಅಂಥ ಬೋರ್ಡ್. ಇಂಥ ವಿಳಾಸಕ್ಕೆ ಹೋಗುವ ಮಾಹಿತಿಯನ್ನು ಇಂಥ ಕಡೆ ಕಳಿಸು ಎಂದು ರೂಟರ್‌ಗೆ ನಾವೇ ಬರೆದಿಡುವ ಸಾಲು. ಮುಂದೆ ರಸ್ತೆ ಅಗೆದಿದ್ದರೂ ಬೋರ್ಡ್ ಅದೇ ದಾರಿ ತೋರಿಸುತ್ತದೆ. ದೊಡ್ಡ ಕಂಪನಿಗಳ ರೂಟರ್‌ಗಳು ಯಾವ ದಾರಿ ತೆರೆದಿದೆ ಎಂದು ತಮ್ಮತಮ್ಮಲ್ಲೇ ಹೇಳಿಕೊಂಡು ದಾರಿ ಬದಲಿಸುತ್ತವೆ. ಸ್ಟ್ಯಾಟಿಕ್ ರೂಟ್‌ಗೆ ಆ ಬುದ್ಧಿ ಇಲ್ಲ. ಬೋರ್ಡ್ ನೆಟ್ಟರೆ ರಸ್ತೆ ಅಗಲವಾಗದು, ಹಾಗೆಯೇ ನೀವು ಕೊಂಡ ಪ್ಲಾನ್‌ನ ಸ್ಪೀಡೂ ಏರದು.

ಎಲ್ಲಿ ಬೇಕಾಗುತ್ತದೆ?

ಕೆಳಗೆ ಅಂಗಡಿ, ಮೇಲೆ ಮನೆ. ಫೈಬರ್ ಬಂದಿರುವುದು ಅಂಗಡಿಯ ರೂಟರ್‌ಗೆ, ಅದರ ವಿಳಾಸ 192.168.1.1. ಅದರಿಂದ ಒಂದು ವೈರ್ ಎಳೆದು ಮೇಲೆ ಎರಡನೇ ರೂಟರ್ ಇಟ್ಟಿದ್ದೀರಿ. ಅಂಗಡಿಯ ಕಡೆಗೆ ಅದರ ವಿಳಾಸ 192.168.1.2. ಮೇಲಿನ ಸಾಧನಗಳಿಗೆಲ್ಲ 192.168.2 ಎಂದು ಶುರುವಾಗುವ ವಿಳಾಸ, ಸಿಸಿಟಿವಿ ರೆಕಾರ್ಡರ್ ಇರುವುದೂ ಅಲ್ಲೇ. ಅಂಗಡಿಯ ವೈಫೈನಿಂದ ಅದನ್ನು ನೋಡಹೊರಟರೆ ಕೆಳಗಿನ ರೂಟರ್‌ಗೆ ಆ ವಿಳಾಸದ ಗುರುತೇ ಇಲ್ಲ. ಗುರುತಿಲ್ಲದ್ದನ್ನೆಲ್ಲ ಅದು ಹೊರಗಿನ ಇಂಟರ್ನೆಟ್ ಕಡೆ ತಳ್ಳುತ್ತದೆ. ಅಲ್ಲಿ ಮನೆಯೊಳಗಿನ ವಿಳಾಸಕ್ಕೆ ಬೆಲೆಯಿಲ್ಲ.

ಆಗ ಕೆಳಗಿನ ರೂಟರ್‌ನಲ್ಲಿ ಮೂರು ಅಂಶ ತುಂಬಬೇಕು. ಡೆಸ್ಟಿನೇಶನ್ 192.168.2.0, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.2. ಮೇಲಿನ ರೂಟರ್‌ನ ಫೈರ್‌ವಾಲ್ ಕೂಡ ಒಳಗೆ ಬಿಡಬೇಕು, ಇಲ್ಲದಿದ್ದರೆ ಬೋರ್ಡ್ ಸರಿಯಿದ್ದೂ ಬಾಗಿಲು ಮುಚ್ಚಿದಂತೆ. ನಮ್ಮನ್ನು ಕೇಳಿದರೆ ಇಷ್ಟೆಲ್ಲ ಬೇಡ. ಎರಡನೇ ರೂಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ನಲ್ಲಿ ಇಟ್ಟರೆ ಎಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ, ರೂಟ್ ಬರೆಯುವ ಕೆಲಸವೇ ಇರುವುದಿಲ್ಲ.

ಫಾರ್ವರ್ಡ್ ನಂಬರ್ ಏಕೆ ಕೆಲಸ ಮಾಡದು?

192.168 ಎಂದು ಶುರುವಾಗುವ ವಿಳಾಸಗಳು ಖಾಸಗಿ ಬಳಕೆಗೆ ಮೀಸಲು. ಚಳ್ಳಕೆರೆಯ ಮನೆಯಲ್ಲೂ ಮೊಳಕಾಲ್ಮೂರಿನ ಅಂಗಡಿಯಲ್ಲೂ ಅದೇ ನಂಬರ್ ಇರಬಹುದು. ಒಬ್ಬರ ಮನೆಯಲ್ಲಿ 192.168.1.2 ರೂಟರ್, ಇನ್ನೊಬ್ಬರ ಮನೆಯಲ್ಲಿ ಪ್ರಿಂಟರ್. ಪ್ರಿಂಟರ್‌ಗೆ ಕಳಿಸಿದ ಮಾಹಿತಿ ಅಲ್ಲಿಗೇ ಮುಗಿಯಿತು. ಡೆಸ್ಟಿನೇಶನ್ ಜಾಗದಲ್ಲಿ 0.0.0.0 ಹಾಕಿ ಎಂದಿದ್ದರಂತೂ ಮುಟ್ಟಬೇಡಿ. ಅದರರ್ಥ ‘ಉಳಿದ ಎಲ್ಲ ವಿಳಾಸಗಳು’.

ಇಂಥ ಸಂದೇಶಗಳಲ್ಲಿ ಡಿಎನ್‌ಎಸ್ ನಂಬರ್ ಕೂಡ ಬೆರೆತಿರುತ್ತದೆ. ವೆಬ್‌ಸೈಟ್ ಹೆಸರನ್ನು ವಿಳಾಸವಾಗಿ ಬದಲಿಸಿಕೊಡುವುದು ಡಿಎನ್‌ಎಸ್. 8.8.8.8 ಗೂಗಲ್‌ನದು, ಹಾಕಿದರೆ ಅಪಾಯವಿಲ್ಲ. ಗುರುತಿಲ್ಲದ ನಂಬರ್ ಹಾಕಿದರೆ ಬ್ಯಾಂಕಿನ ಹೆಸರು ಟೈಪ್ ಮಾಡಿದಾಗ ನಕಲಿ ಪುಟ ತೆರೆಯಬಹುದು. ‘ಡಿಎನ್‌ಎಸ್ ಚೇಂಜರ್’ ಎಂಬ ಕುತಂತ್ರಾಂಶ ಹೀಗೆಯೇ ಸುಮಾರು 40 ಲಕ್ಷ ಕಂಪ್ಯೂಟರ್‌ಗಳ ದಾರಿ ತಪ್ಪಿಸಿತ್ತು. 2011ರ ನವೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲವನ್ನು ಭೇದಿಸಿತು.

ಈಗಾಗಲೇ ಹಾಕಿಬಿಟ್ಟಿದ್ದರೆ?

ರೂಟರ್ ಆಫ್ ಮಾಡಿ ಆನ್ ಮಾಡಿದರೆ ಸಾಲದು, ಬರೆದ ರೂಟ್ ಸೇವ್ ಆಗಿಯೇ ಇರುತ್ತದೆ. ಸ್ಟ್ಯಾಟಿಕ್ ರೂಟ್ ಪಟ್ಟಿ ತೆರೆದು ನೀವು ಸೇರಿಸಿದ ಸಾಲನ್ನು ಮಾತ್ರ ಅಳಿಸಿ. ಮೊಬೈಲ್‌ನಲ್ಲಿ ಬದಲಿಸಿದ್ದರೆ ಆ ವೈಫೈನ ಐಪಿ ಸೆಟ್ಟಿಂಗನ್ನು ಮತ್ತೆ ‘ಡಿಎಚ್‌ಸಿಪಿ’ಗೆ ತನ್ನಿ. ಪಿನ್ನಿನಿಂದ ಒತ್ತುವ ರೀಸೆಟ್ ಬಟನ್‌ಗೆ ಆತುರ ಬೇಡ. ಅದು ನೆಟ್ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಸಮೇತ ಎಲ್ಲವನ್ನೂ ಅಳಿಸಬಹುದು. ಮೊದಲು ಅವರಿಗೆ ಫೋನ್ ಮಾಡಿ, ಅವನ್ನು ಬರೆದಿಟ್ಟುಕೊಳ್ಳಿ.